ಕುವೈತ್‌ನಿಂದ ಬಂದ ಕೆನೆ ಬಣ್ಣದ ಬೆಂಜ್‌ಗೆ ಟಚ್‌ಅಪ್: ಒಂದು ಪ್ರಕರಣ ಅಧ್ಯಯನ

ಕಾರು 1982ರ ಮರ್ಸಿಡಿಸ್ ಬೆಂಜ್ 230ಇ. ಹಳೇ ಕಾರಿನವರ ಬಾಯಲ್ಲಿ ಡಬ್ಲ್ಯು 123. ಈ ಸರಣಿ 1976ರಿಂದ ಸುಮಾರು ಹತ್ತು ವರ್ಷ ತಯಾರಾಯಿತು. ಎಲ್ಲ ಮಾದರಿ ಸೇರಿ 27 ಲಕ್ಷದ ಹತ್ತಿರ ಕಾರುಗಳು ಹೊರಬಂದವು. ಜಗತ್ತಿನ ಲೆಕ್ಕದಲ್ಲಿ ಇದು ಅಪರೂಪದ ಕಾರಲ್ಲ. ಆದರೆ ಮಂಗಳೂರಿನಲ್ಲಿ, ಕಾರ್ಖಾನೆಯಲ್ಲಿ ಹೊಡೆದ ಬಣ್ಣವೇ ಮುಕ್ಕಾಲು ಪಾಲು ಉಳಿದಿರುವ ಒಂದು ಕಾರು ಸಿಗುವುದು ಅಪರೂಪವೇ ಸರಿ.

ಮಾಲೀಕರು ಕುವೈತ್‌ನಲ್ಲಿ ಕೆಲಸದಲ್ಲಿದ್ದಾಗ ಇದನ್ನು ಕೊಂಡಿದ್ದರು. 1980ರ ದಶಕದ ಕೊನೆಗೆ ಊರಿಗೆ ವಾಪಸ್ ಬರುವಾಗ ಹಡಗಿನಲ್ಲಿ ತಂದು ಸುಂಕ ಕಟ್ಟಿ ಬಿಡಿಸಿಕೊಂಡರು. ಸ್ಟೀರಿಂಗ್ ಎಡಗಡೆಗೆ. ಕರಾವಳಿಯಲ್ಲಿ ಕೊಲ್ಲಿ ದೇಶಗಳಿಂದ ಬಂದ ಇಂಥ ಕಾರುಗಳು ಅಲ್ಲೊಂದು ಇಲ್ಲೊಂದು ಇನ್ನೂ ಉಂಟು. ಹೆಚ್ಚಿನವಕ್ಕೆ ಎರಡು ಮೂರು ಸಲ ಪೂರ್ತಿ ಪೇಂಟ್ ಆಗಿಹೋಗಿದೆ.

ಇದಕ್ಕೂ ಅದೇ ಸಲಹೆ ಸಿಕ್ಕಿತ್ತು. ಬಾನೆಟ್‌ನ ಮುಂದಿನ ಅಂಚಿನಲ್ಲಿ ಕಲ್ಲು ಸಿಡಿದು ಆದ ಸಣ್ಣ ಗುಳಿಗಳು. ಎಡಗಡೆ ಹಿಂದಿನ ಬಾಗಿಲಲ್ಲಿ ಯಾರೋ ಕೀಲಿಯಿಂದ ಎಳೆದ ಗೀರು. ಪೆಟ್ರೋಲ್ ಹಾಕುವ ಬಾಯಿಯ ಮುಚ್ಚಳದ ಅಂಚಿನಲ್ಲಿ ಬಣ್ಣ ಎದ್ದಿದೆ. ಡಿಕ್ಕಿಯ ಕೆಳ ಅಂಚಿನಲ್ಲಿ ತುಕ್ಕಿನ ಒಂದು ಗುಳ್ಳೆ. ಇವಿಷ್ಟನ್ನು ನೋಡಿ ಒಂದು ಗ್ಯಾರೇಜಿನವರು "ಸುಮ್ನೆ ಫುಲ್ ಪೇಂಟ್ ಹೊಡೆಸಿಬಿಡಿ, ಹೊಸ ಗಾಡಿ ಆಗ್ತದೆ" ಅಂದಿದ್ದರು. ಮಾಲೀಕರು ಒಪ್ಪಲಿಲ್ಲ. ಒಪ್ಪದೆ ಇದ್ದದ್ದು ತುಂಬ ಒಳ್ಳೆಯದಾಯಿತು. ಕಾರ್ಖಾನೆಯ ಬಣ್ಣ ಒಂದು ಸಲ ಕೆರೆದು ಹೋದರೆ ಮತ್ತೆ ಬರುವುದಿಲ್ಲ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಒಪ್ಪಿಕೊಂಡ ಟ್ಯೂರಿನ್ ಸನ್ನದಿನಲ್ಲೂ ಒತ್ತು ಇರುವುದು ಇದ್ದದ್ದನ್ನು ಕಾಪಾಡುವುದಕ್ಕೇ, ಹೊಸದಾಗಿ ಕಾಣಿಸುವುದಕ್ಕಲ್ಲ. ನನಗೂ ಅದೇ ಸರಿ ಅನ್ನಿಸುತ್ತದೆ.

ಹಾಗಾಗಿ ಕೆಲಸ ಇಷ್ಟು: ಏಟಾದ ಕಡೆ ಮಾತ್ರ ಬಣ್ಣ ತುಂಬುವುದು, ಅದು ಸುತ್ತಲಿನ ಬಣ್ಣದ ಜೊತೆ ಬೆರೆತುಹೋಗುವ ಹಾಗೆ ನೋಡಿಕೊಳ್ಳುವುದು. ಹೇಳುವುದು ಸುಲಭ. ಕೆನೆ ಬಣ್ಣದಲ್ಲಿ ಮಾಡುವುದು ಕಷ್ಟ. ಕಡುನೀಲಿಯಲ್ಲೋ ಕಪ್ಪಿನಲ್ಲೋ ಮುಚ್ಚಿಹೋಗುವ ಸಣ್ಣ ವ್ಯತ್ಯಾಸ ತಿಳಿ ಬಣ್ಣದಲ್ಲಿ ಎದ್ದು ಕಾಣುತ್ತದೆ. ಒಂದು ಚೂರು ಹಳದಿ ಜಾಸ್ತಿಯಾದರೂ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ.

ಕಾರಿನ ಮೈಮೇಲೆ ಏನೇನಿದೆ

ಬಣ್ಣದ ಅಂಗಡಿಗೆ ಹೋಗುವ ಮೊದಲು ಕಾರಿನ ಮೇಲೆ ಯಾವ ಯಾವ ಬಣ್ಣ ಇದೆ ಅಂತ ಗೊತ್ತಾಗಬೇಕು. ನಲವತ್ತು ವರ್ಷದ ಕಾರಿನಲ್ಲಿ ಎಲ್ಲ ತಗಡಿನ ಮೇಲೂ ಒಂದೇ ಬಣ್ಣ ಇರುತ್ತದೆ ಅಂದುಕೊಳ್ಳುವ ಹಾಗಿಲ್ಲ.

ಮೊದಲು ಚೆನ್ನಾಗಿ ತೊಳೆದೆವು. ಕರಾವಳಿಯ ಕೆಂಪು ಮಣ್ಣಿನ ಧೂಳು ಬಾಗಿಲ ಸಂದಿಯಲ್ಲಿ, ರಬ್ಬರ್ ಬೀಡಿಂಗ್ ಕೆಳಗೆ ಕೂತು ಕೆನೆ ಬಣ್ಣಕ್ಕೆ ಕಂದು ಛಾಯೆ ಕೊಟ್ಟಿತ್ತು. ಅದು ಹೋಗುವ ತನಕ ಬಣ್ಣದ ಮಾತೇ ಬೇಡ. ತೊಳೆದು ಒಣಗಿಸಿದ ಮೇಲೆ ಬಾನೆಟ್ ಮೇಲೆ ಕೈ ಸವರಿದರೆ ಬೆರಳಿಗೆ ಬಿಳಿ ಪುಡಿ ಹತ್ತಿತು. ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ಉಜ್ಜಿದರೆ ಬಟ್ಟೆ ಕೆನೆ ಬಣ್ಣಕ್ಕೆ ತಿರುಗಿತು.

ಇದರಿಂದ ಒಂದು ಮುಖ್ಯ ವಿಷಯ ತಿಳಿಯುತ್ತದೆ. ಈ ಕಾಲದ ಬೆಂಜ್‌ಗಳಲ್ಲಿ ಮೆಟಾಲಿಕ್ ಬಣ್ಣಗಳಿಗೆ ಮೇಲೊಂದು ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇರುತ್ತಿತ್ತು. ಸಾದಾ ಬಣ್ಣಗಳಿಗೆ ಇರುತ್ತಿರಲಿಲ್ಲ. ಬಣ್ಣವೇ ಹೊಳಪು, ಹೊಳಪೇ ಬಣ್ಣ. ಹಾಗಾಗಿ ಬಿಸಿಲಿನ ಏಟು ನೇರವಾಗಿ ಬಣ್ಣಕ್ಕೇ ಬೀಳುತ್ತದೆ. ತಿಳಿ ಬಣ್ಣಗಳಲ್ಲಿ ಬಹುಪಾಲು ಇರುವುದು ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ. ಬಿಸಿಲು, ತೇವ ಸೇರಿದಾಗ ಅದು ತನ್ನ ಸುತ್ತಲಿನ ಅಂಟನ್ನೇ ನಿಧಾನಕ್ಕೆ ಕೊರೆಯುತ್ತದೆ. ಅಂಟು ಹೋದ ಮೇಲೆ ಪುಡಿ ಸಡಿಲವಾಗಿ ಮೇಲೆ ನಿಲ್ಲುತ್ತದೆ. ಕೈಗೆ ಹತ್ತುವುದು ಅದೇ. ಕುವೈತ್‌ನ ಬಿಸಿಲು ಆಮೇಲೆ ಮಂಗಳೂರಿನ ತೇವ, ಎರಡೂ ಈ ಕಾರು ಉಂಡಿದೆ.

ಆಮೇಲೆ ಬಣ್ಣದ ದಪ್ಪ ಅಳೆಯುವ ಮೀಟರ್ ಹಿಡಿದೆವು. ಅಂಗೈಯಲ್ಲಿ ಹಿಡಿಯುವ ಸಣ್ಣ ಸಾಧನ, ತಗಡಿಗೆ ಒತ್ತಿದರೆ ಮೈಕ್ರಾನ್ ಲೆಕ್ಕದಲ್ಲಿ ದಪ್ಪ ತೋರಿಸುತ್ತದೆ. ಕಾರಿನ ಚಾವಣಿ, ಬಾನೆಟ್, ಬಾಗಿಲುಗಳು ಎಲ್ಲ 100ರಿಂದ 140ರೊಳಗೆ ಇದ್ದವು. ಕಾರ್ಖಾನೆಯ ಬಣ್ಣಕ್ಕೆ ಇದು ಸಹಜ. ಬಲಗಡೆ ಮುಂದಿನ ಫೆಂಡರ್ ಮಾತ್ರ 300 ದಾಟಿತು, ಒಂದು ಕಡೆ ಇನ್ನೂ ಮೇಲೆ ಹೋಯಿತು. ಅಂದರೆ ಅಲ್ಲಿ ಪುಟ್ಟಿ ಇದೆ, ಮೇಲೆ ಹೊಸ ಬಣ್ಣ ಇದೆ. ಫೆಂಡರ್‌ನ ಒಳ ಅಂಚಿನಲ್ಲಿ ಥಿನ್ನರ್ ಅದ್ದಿದ ಬಟ್ಟೆ ಇಟ್ಟು ಒತ್ತಿದೆವು. ಬಣ್ಣ ಕರಗಿ ಬಟ್ಟೆಗೆ ಬಂತು. ಹಾಗಾದರೆ ಅದು ಎನ್‌ಸಿ (ನೈಟ್ರೊಸೆಲ್ಯುಲೋಸ್) ಪೇಂಟ್, ಥಿನ್ನರ್ ಆರಿ ಒಣಗುವ ಥರದ್ದು. ಕಾರ್ಖಾನೆಯಲ್ಲಿ ಒಲೆಯಲ್ಲಿ ಸುಟ್ಟ ಎನಾಮಲ್ ಹೀಗೆ ಕರಗುವುದಿಲ್ಲ. ಮಾಲೀಕರಿಗೂ ನೆನಪಾಯಿತು, ಬಹಳ ಹಿಂದೆ ಆ ಬದಿಗೆ ಒಂದು ಗುದ್ದು ಬಿದ್ದಿತ್ತಂತೆ.

ಡಿಬಿ 623

ಈ ಸರಣಿಯಲ್ಲಿ ಬಣ್ಣದ ಸಂಖ್ಯೆ ಹುಡುಕುವುದು ಸುಲಭ. ಬಾನೆಟ್ ಎತ್ತಿದರೆ ರೇಡಿಯೇಟರ್ ಮೇಲಿನ ಅಡ್ಡಪಟ್ಟಿಗೆ ರಿವೆಟ್ ಹೊಡೆದ ಸಣ್ಣ ಪ್ಲೇಟ್ ಕಾಣುತ್ತದೆ. ಅದರಲ್ಲಿ 623 ಇತ್ತು. ಡಿಬಿ ಅಂದರೆ ಡೈಮ್ಲರ್ ಬೆಂಜ್, ಆಗಿನ ಕಂಪನಿಯ ಹೆಸರು. ಕಂಪನಿಯ ಪಟ್ಟಿಯಲ್ಲಿ ಈ ಬಣ್ಣದ ಹೆಸರು ಹೆಲ್‌ಎಲ್ಫೆನ್‌ಬೈನ್, ಅಂದರೆ ತಿಳಿ ದಂತದ ಬಣ್ಣ. ಜರ್ಮನಿಯ ಟ್ಯಾಕ್ಸಿಗಳ ಫೋಟೊ ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. 1971ರಿಂದ ಅಲ್ಲಿ ಟ್ಯಾಕ್ಸಿಗಳಿಗೆ ಈ ಕೆನೆ ಬಣ್ಣ ಕಡ್ಡಾಯವಾಗಿತ್ತು. ಟ್ಯಾಕ್ಸಿ ನಿಯಮದಲ್ಲಿ ಅದನ್ನು ಆರ್‌ಎಎಲ್ 1015 ಅಂತ ಬರೆದಿದ್ದಾರೆ. ಆರ್‌ಎಎಲ್ ಅಂದರೆ 1927ರಲ್ಲಿ ಜರ್ಮನಿಯಲ್ಲಿ ಶುರುವಾದ ಬಣ್ಣದ ಪಟ್ಟಿ. ಕಿಟಕಿಯ ಚೌಕಟ್ಟಿನಿಂದ ಹಿಡಿದು ಯಂತ್ರಗಳ ತನಕ ಎಲ್ಲಕ್ಕೂ ಬಳಸುತ್ತಾರೆ.

ಇಲ್ಲೇ ಒಂದು ಗಂಟು ಇದೆ. ಹಿಂದೆ ಫೆಂಡರ್‌ಗೆ ಬಣ್ಣ ಹೊಡೆದವರು 623ನ್ನು ಹುಡುಕಲು ಹೋಗಿರಲಿಲ್ಲ. ಕೈಗೆ ಸಿಕ್ಕ 1015ರ ಚೀಟಿ ಇಟ್ಟುಕೊಂಡು ಕಣ್ಣಂದಾಜಿನಲ್ಲಿ ಕಲಸಿದ್ದರಂತೆ. ಬೆಳಿಗ್ಗೆ ಬಿಸಿಲಲ್ಲಿ ಫೆಂಡರ್ ಮತ್ತು ಬಾಗಿಲು ಒಂದೇ ಥರ ಕಾಣುತ್ತವೆ. ರಾತ್ರಿ ಪೋರ್ಟಿಕೊದ ಎಲ್‌ಇಡಿ ದೀಪದ ಕೆಳಗೆ ಫೆಂಡರ್ ಸ್ವಲ್ಪ ಗುಲಾಬಿ ಕಡೆಗೆ ವಾಲುತ್ತದೆ, ಬಾಗಿಲು ವಾಲುವುದಿಲ್ಲ. ಬಣ್ಣ ಮಾಡಲು ಹಾಕಿದ ಪುಡಿಗಳು ಬೇರೆಯಾದರೆ ಹೀಗಾಗುತ್ತದೆ. ಒಂದು ಬೆಳಕಿನಲ್ಲಿ ಜೋಡಿ, ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆ. ಮೆಟಾಮೆರಿಸಂ ಅನ್ನುವುದು ಇದನ್ನೇ. ಆ ಕಾಲದ ಕಾರು ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರುವ ಹಳದಿಗಳ ಬಳಕೆ ಸಾಮಾನ್ಯವಾಗಿತ್ತು. ಸೀಸ ವಿಷ ಅಂತ ಈಗ ಅದರ ಜಾಗಕ್ಕೆ ಬೇರೆ ಹಳದಿಗಳು ಬಂದಿವೆ. ಹಾಗಾಗಿ ಹಳೇ ಬಣ್ಣಕ್ಕೆ ಹೊಸ ಪುಡಿಗಳಿಂದ ಜೋಡಿ ಕಲಸುವಾಗ ಈ ತೊಂದರೆ ಎಲ್ಲೋ ಒಂದು ಕಡೆ ಎದುರಾಗಿಯೇ ಆಗುತ್ತದೆ.

ಪ್ಲೇಟಿನ ಸಂಖ್ಯೆ ಹಿಡಿದು ಮಂಗಳೂರಿನ ಒಂದು ಮಿಕ್ಸಿಂಗ್ ಅಂಗಡಿಗೆ ಹೋದೆವು. ಕಂಪ್ಯೂಟರಿಗೆ ಸಂಖ್ಯೆ ಕೊಟ್ಟರೆ ಯಾವ ಟಿಂಟರ್ (ಕಲಸಲು ಹಾಕುವ ಮೂಲ ಬಣ್ಣ) ಎಷ್ಟು ಗ್ರಾಂ ಅಂತ ಬಂತು. ಕಲಸಿ ಒಂದು ಕಾರ್ಡಿನ ಮೇಲೆ ಹೊಡೆದು ಒಣಗಿಸಿ ಬಾನೆಟ್ ಮೇಲೆ ಇಟ್ಟೆವು. ಹೊಂದಲಿಲ್ಲ. ಕಾರ್ಡು ಹೆಚ್ಚು ಹಳದಿ, ಹೆಚ್ಚು ತುಂಬಿದ ಬಣ್ಣ. ಬಾನೆಟ್ ಮಾಸಲು.

"623 ಅಂತ ಬರೆದೇ ಉಂಟಲ್ವಾ ಮಾರಾಯ್ರೆ, ಮತ್ತೆ ಯಾಕೆ ಬೇರೆ ಕಾಣ್ತದೆ?" ಅಂತ ಮಾಲೀಕರು ಕೇಳಿದರು.

ನ್ಯಾಯವಾದ ಪ್ರಶ್ನೆ. ಸಂಖ್ಯೆ ಹೇಳುವುದು ಕಾರು ಸಿಂಡೆಲ್‌ಫಿಂಗೆನ್‌ನ ಕಾರ್ಖಾನೆಯಿಂದ ಹೊರಬಿದ್ದ ದಿನದ ಬಣ್ಣವನ್ನು. ಅದೂ ಸರಾಸರಿ ಬಣ್ಣವನ್ನು. ಹಲವು ವರ್ಷ ಒಂದೇ ಸಂಖ್ಯೆಯಲ್ಲಿ ಹೊಡೆದ ಬಣ್ಣ ಬ್ಯಾಚಿನಿಂದ ಬ್ಯಾಚಿಗೆ ಸ್ವಲ್ಪ ಬದಲಾಗುತ್ತದೆ. ಅದಕ್ಕೇ ಬಣ್ಣದ ಕಂಪನಿಗಳು ಒಂದು ಸಂಖ್ಯೆಗೆ ಎಷ್ಟೋ ಸಲ ಒಂದಕ್ಕಿಂತ ಹೆಚ್ಚು ಲೆಕ್ಕ ಇಟ್ಟಿರುತ್ತವೆ. ಒಂದು ಹೆಚ್ಚು ಹಳದಿ, ಒಂದು ಹೆಚ್ಚು ಬಿಳಿ, ಹೀಗೆ. ನಮಗೆ ಬೇಕಿದ್ದದ್ದು ಈ ಬಾನೆಟ್‌ನ ಇವತ್ತಿನ ಬಣ್ಣ. ಸಂಖ್ಯೆಯಿಂದ ಹುಡುಕಾಟ ಶುರುವಾಗುತ್ತದೆ ಅಷ್ಟೇ, ಮುಗಿಯುವುದು ಕಾರಿನ ಮೈಮೇಲೆ.

ಈ ನಡುವೆ ಇನ್ನೊಂದು ದಾರಿಯ ಮಾತು ಬಂತು. ಮಾಲೀಕರ ಮಗ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. ಕಾರ್ಖಾನೆಗೆ ಪಕ್ಕದ ಊರು. ಮುಂದಿನ ಸಲ ಬರುವಾಗ ಅಲ್ಲಿಂದಲೇ ಅಸಲಿ ಬಣ್ಣದ ಡಬ್ಬಿ ತರಲಿ ಅಂತ. ಎರಡು ಕಾರಣಕ್ಕೆ ಬೇಡ ಅಂದೆ. ಥಿನ್ನರ್ ಇರುವ ಪೇಂಟ್ ಹೊತ್ತಿಕೊಳ್ಳುವ ವಸ್ತು. ವಿಮಾನದ ನಿಯಮದಲ್ಲಿ ಯುಎನ್ 1263 ಅನ್ನುವ ಸಂಖ್ಯೆಯಡಿ ಅಪಾಯದ ಸರಕು. ಸೂಟ್‌ಕೇಸಿನಲ್ಲಿ ಹಾಕಿ ತರುವ ಹಾಗಿಲ್ಲ. ಹೇಗೋ ತರಿಸಿದರೂ ಅದು ಮತ್ತೆ ಹುಟ್ಟಿದ ದಿನದ ಬಣ್ಣವೇ. ನಮ್ಮ ಕಾರ್ಡಿನಲ್ಲಿ ಆದದ್ದೇ ಅದರಲ್ಲೂ ಆಗುತ್ತದೆ.

ಪೆಟ್ರೋಲ್ ಮುಚ್ಚಳದ ಎರಡು ಮುಖ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ಭಾಗ ಇದು.

ಬಲಗಡೆ ಹಿಂಭಾಗದಲ್ಲಿರುವ ಪೆಟ್ರೋಲ್ ಮುಚ್ಚಳವನ್ನು ಬಿಚ್ಚಿ ಕೈಯಲ್ಲಿ ಹಿಡಿದೆವು. ಅದರ ಹೊರಮುಖ ಬಿಸಿಲು ಮಳೆ ಕಂಡಿದೆ. ಒಳಮುಖ ನೆರಳಲ್ಲೇ ಇದೆ. ಪೆಟ್ರೋಲ್ ಕಲೆ ಒರೆಸಿದ ಮೇಲೆ ಒಳಮುಖದ ಬಣ್ಣ ನಮ್ಮ ಮೊದಲ ಕಾರ್ಡಿಗೆ ಸುಮಾರಾಗಿ ಕೂತಿತು. ಅಂಗಡಿಯ ಲೆಕ್ಕ ತಪ್ಪಿರಲಿಲ್ಲ ಅಂತ ಅಲ್ಲಿಗೆ ಖಾತ್ರಿಯಾಯಿತು. ಹೊರಮುಖ ಮಾತ್ರ ಮಾಸಿದ ಕೆನೆ.

ಹೊರಮುಖದ ನಡುವೆ ಮಾಸ್ಕಿಂಗ್ ಟೇಪ್ ಅಂಟಿಸಿ ಅರ್ಧಕ್ಕೆ ಮಾತ್ರ ಕೈಯಿಂದ ಪಾಲಿಶ್ ಹಾಕಿದೆವು. ಮೆಷಿನ್ ಬೇಡ ಅಂದೆ, ತೆಳು ಬಣ್ಣ. ಬಟ್ಟೆಗೆ ಪುಡಿ ಬರುತ್ತಾ ಹೋದ ಹಾಗೆ ಕೆಳಗಿನಿಂದ ಬೇರೆಯೇ ಬಣ್ಣ ಎದ್ದು ಬಂತು. ಟೇಪ್ ಕಿತ್ತಾಗ ಒಂದೇ ಮುಚ್ಚಳದ ಮೇಲೆ ಪಕ್ಕಪಕ್ಕದಲ್ಲಿ ಎರಡು ಬಣ್ಣ: ಒಂದು ಕಡೆ ಸುಣ್ಣದ ಬಿಳಚು, ಇನ್ನೊಂದು ಕಡೆ ಹೊಳೆಯುವ ಕೆನೆ. ಹೊಳೆಯುವ ಅರ್ಧವನ್ನು ತಿರುಗಿಸಿ ಒಳಮುಖಕ್ಕೆ ಹೋಲಿಸಿದರೆ ಅದೂ ಪೂರ್ತಿ ಒಂದೇ ಆಗಲಿಲ್ಲ. ಒಳಗಿನದು ಚೂರು ಹೆಚ್ಚು ಹಳದಿ. ಪಾಲಿಶ್‌ನಿಂದ ಪುಡಿ ಹೋಗುತ್ತದೆ, ವರ್ಷಗಟ್ಟಲೆ ಬಿಸಿಲಿಗೆ ಹೋದ ಹಳದಿ ವಾಪಸ್ ಬರುವುದಿಲ್ಲ.

ಒಂದು ಕಾರು, ನಾಲ್ಕು ಕೆನೆ. ಒಳಮುಖದ್ದು, ಪಾಲಿಶ್ ಆದದ್ದು, ಪಾಲಿಶ್ ಆಗದ್ದು, ಮತ್ತೆ ಆ ಫೆಂಡರ್‌ನದ್ದು. ಯಾವುದಕ್ಕೆ ಹೊಂದಿಸಬೇಕು?

ಪಾಲಿಶ್ ಆದದ್ದಕ್ಕೆ. ಅದಕ್ಕೆ ಮೊದಲು ಇಡೀ ಕಾರಿಗೆ ಪಾಲಿಶ್ ಮುಗಿಯಬೇಕು. ಎಷ್ಟೋ ಕಡೆ ಮಾಡುವುದು ಇದರ ಉಲ್ಟಾ. ಮಾಸಿದ ಬಣ್ಣಕ್ಕೆ ಟಚ್‌ಅಪ್ ಹೊಂದಿಸುತ್ತಾರೆ, ಚೆನ್ನಾಗಿಯೂ ಕೂರುತ್ತದೆ, ಆಮೇಲೆ ಕಾರಿಗೆ ರಬ್ಬಿಂಗ್ ಪಾಲಿಶ್ ಕೊಡುತ್ತಾರೆ. ಸುತ್ತಲಿನ ಬಣ್ಣ ಎದ್ದು ಬರುತ್ತದೆ, ಟಚ್‌ಅಪ್ ಹಾಕಿದ ಚುಕ್ಕೆಗಳು ಮಾಸಲಾಗಿ ಉಳಿಯುತ್ತವೆ. ಈ ಒಂದು ಕ್ರಮ ಸರಿಯಿದ್ದರೆ ಅರ್ಧ ತಲೆನೋವು ಕಡಿಮೆ.

ಪಾಲಿಶ್ ಮಾಡುವಾಗ ಮೀಟರ್ ಪಕ್ಕದಲ್ಲೇ ಇತ್ತು. ಬಾನೆಟ್‌ನ ಏಣುಗಳ ಮೇಲೆ, ಬಾಗಿಲ ಮಡಿಕೆಗಳ ಮೇಲೆ ಬಣ್ಣ ತೆಳು. ಅಲ್ಲಿ ಟೇಪ್ ಅಂಟಿಸಿ ಬಿಟ್ಟೆವು.

ಕಲಸುವ ಮೇಜಿನ ಮುಂದೆ

ಪಾಲಿಶ್ ಆದ ಪೆಟ್ರೋಲ್ ಮುಚ್ಚಳವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೆಂಗಳೂರಿಗೆ ಹೋದೆ. ಜೆಸಿ ರಸ್ತೆಯ ಸುತ್ತಮುತ್ತ ಕಾರಿನ ಸಾಮಾನಿನ ಅಂಗಡಿಗಳು ಇರುವುದು ಎಲ್ಲರಿಗೂ ಗೊತ್ತು. ಅಲ್ಲಿ ಸ್ಪೆಕ್ಟ್ರೊಫೋಟೊಮೀಟರ್ ಇಟ್ಟುಕೊಂಡು ಬಣ್ಣ ಕಲಸುವ ಒಬ್ಬರು ಪರಿಚಯ. ಈ ಸಾಧನ ಬಣ್ಣದ ಮೇಲೆ ಬೆಳಕು ಬಿಟ್ಟು, ಯಾವ ಯಾವ ತರಂಗ ಎಷ್ಟೆಷ್ಟು ವಾಪಸ್ ಬಂತು ಅಂತ ಅಳೆಯುತ್ತದೆ. ಎರಡು ಬಣ್ಣಗಳ ನಡುವಿನ ವ್ಯತ್ಯಾಸವನ್ನು ಡೆಲ್ಟಾ ಇ ಅನ್ನುವ ಒಂದು ಅಂಕಿಯಲ್ಲಿ ಹೇಳುತ್ತಾರೆ. ಅದು 1ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕಣ್ಣಿಗೆ ಹಿಡಿಯುವುದು ಕಷ್ಟ. ನಮ್ಮ ಮೊದಲ ಕಾರ್ಡು 3ರ ಮೇಲಿತ್ತು.

ಮೆಷಿನ್ ಒಂದು ಲೆಕ್ಕ ಕೊಟ್ಟಿತು. ಅದು ಕೊಟ್ಟದ್ದೇ ಕೊನೆಯಲ್ಲ. ಅಲ್ಲಿಂದ ಮುಂದೆ ಮನುಷ್ಯರ ಕೆಲಸ.

ಎಷ್ಟು ಕಲಸಬೇಕು ಅನ್ನುವುದೇ ಮೊದಲ ಮಾತು. ನಮಗೆ ಬೇಕಿದ್ದದ್ದು ಗುಳಿ ತುಂಬಲು ಒಂದೆರಡು ಚಮಚ. ಆದರೆ ಕೆನೆಯಲ್ಲಿ ಕಪ್ಪು, ಕೆಂಪು ಟಿಂಟರ್ ಇರುವುದೇ ಹನಿ ಲೆಕ್ಕದಲ್ಲಿ. ಅಂಗಡಿಯ ತಕ್ಕಡಿ 0.1 ಗ್ರಾಂ ತನಕ ಮಾತ್ರ ತೋರಿಸುತ್ತದೆ. 50 ಮಿಲಿ ಕಲಸಿದರೆ ಕಪ್ಪು ಒಂದು ಹನಿ ಹೆಚ್ಚು ಬಿದ್ದರೂ ಇಡೀ ಬಣ್ಣ ಕೆಟ್ಟಿತು. ಹಾಗಾಗಿ ಅರ್ಧ ಲೀಟರ್ ಕಲಸಿ ಅಂದೆ. ದುಡ್ಡು ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ತೂಕದ ತಪ್ಪು ಹಂಚಿಹೋಗುತ್ತದೆ. ಫೆಂಡರ್‌ಗೂ ಅದೇ ಬಣ್ಣ ಬೇಕಾಗುತ್ತದೆ ಅನ್ನುವುದೂ ತಲೆಯಲ್ಲಿತ್ತು.

ಮೊದಲ ಮಿಶ್ರಣದ ಕಾರ್ಡು ಒಣಗಿದಾಗ ಮುಚ್ಚಳಕ್ಕಿಂತ ಸ್ವಲ್ಪ ಬೆಳ್ಳಗೆ, ಸ್ವಲ್ಪ ಚೊಕ್ಕವಾಗಿ ಕಂಡಿತು. ಹಳೇ ಬಣ್ಣ ಇದಕ್ಕಿಂತ ಮಂಕು. ಮಂಕು ಮಾಡಲು ಕೈ ಮೊದಲು ಹೋಗುವುದು ಕಪ್ಪಿನ ಕಡೆಗೆ. ಕಲಸುವವರು ಒಂದು ಹನಿ ಕಪ್ಪು ಹಾಕಿ ತಿರುಗಿಸಿ ಇನ್ನೊಂದು ಕಾರ್ಡು ಹೊಡೆದರು. ಬೆಳ್ಳಗಿದ್ದದ್ದು ಸರಿಹೋಯಿತು, ಆದರೆ ಬಣ್ಣ ಹಸಿರಿಗೆ ತಿರುಗಿತು. ಹಳದಿ ಇರುವ ಬಣ್ಣಕ್ಕೆ ಕಪ್ಪು ಸೇರಿದರೆ ಹಸಿರು ಛಾಯೆ ಬರುತ್ತದೆ. ಇದು ಗೊತ್ತಿಲ್ಲದೆ ಹಸಿರು ಹೋಗಲಿ ಅಂತ ಮತ್ತೆ ಹಳದಿ ಹಾಕುತ್ತಾ ಹೋದರೆ ಬಣ್ಣ ಎಲ್ಲೋ ಹೊರಟುಹೋಗುತ್ತದೆ. ಇವರಿಗೆ ಗೊತ್ತಿತ್ತು. ಕಡ್ಡಿಯ ತುದಿಯಲ್ಲಿ ಹಿಡಿಯುವಷ್ಟು ರೆಡ್ ಆಕ್ಸೈಡ್ ಹಾಕಿದರು. ಹಸಿರು ಹೋಯಿತು. "ಸಾರ್, ಕ್ರೀಮ್ ಕಲರ್‌ನಲ್ಲಿ ಹಳದಿ ಮುಟ್ಟೋಕೆ ಮುಂಚೆ ಕೆಂಪು ನೋಡ್ಬೇಕು" ಅಂದರು.

ಪ್ರತಿ ಸಲವೂ ಕಾರ್ಡು ಪೂರ್ತಿ ಒಣಗಿದ ಮೇಲೆ ನೋಡಿದೆವು. ಹಸಿ ಬಣ್ಣವನ್ನು ಕಾರಿಗೆ ಹಚ್ಚಿ ನೋಡಿ ತೀರ್ಮಾನ ಮಾಡುವವರು ಬಹಳ ಜನ. ಒಣಗುವಾಗ ಇಂಥ ಬಣ್ಣ ಸ್ವಲ್ಪ ಗಾಢವಾಗುತ್ತದೆ. ಕಾರ್ಡಿನ ಮೇಲೆ ಕಪ್ಪು ಬಿಳಿ ಪಟ್ಟಿ ಅಚ್ಚಾಗಿರುತ್ತದೆ. ಆ ಪಟ್ಟಿ ಪೂರ್ತಿ ಮುಚ್ಚುವ ತನಕ ಕೋಟ್ ಹೊಡೆಯಬೇಕು. ಪಟ್ಟಿ ಇಣುಕುತ್ತಿದ್ದರೆ ನೀವು ನೋಡುತ್ತಿರುವುದು ಬಣ್ಣವನ್ನಲ್ಲ, ಬಣ್ಣ ಮತ್ತು ಕೆಳಗಿನ ಕಾಗದ ಎರಡನ್ನೂ.

ಕೊನೆಯ ಕಾರ್ಡನ್ನು ಮುಚ್ಚಳದ ಪಕ್ಕ ಅಂಚಿಗೆ ಅಂಚು ಸೇರಿಸಿ ಮೂರು ಬೆಳಕಿನಲ್ಲಿ ನೋಡಿದೆವು. ಹೊರಗೆ, ನೇರ ಬಿಸಿಲು ಬೀಳದ ಕಡೆ. ಒಳಗೆ ಟ್ಯೂಬ್‌ಲೈಟ್ ಕೆಳಗೆ. ಆಮೇಲೆ ಫೋನಿನ ಎಲ್‌ಇಡಿ ಬೆಳಕಿನಲ್ಲಿ. ಮೂರರಲ್ಲೂ ಕೂತಿತು. ಟ್ಯೂಬ್‌ಲೈಟ್‌ನಲ್ಲಿ ಮಾತ್ರ ತುಂಬ ದಿಟ್ಟಿಸಿದರೆ ಕಾರ್ಡು ಕೂದಲೆಳೆಯಷ್ಟು ಬೆಚ್ಚಗಿನ ಬಣ್ಣ. ಮೆಷಿನ್ ಅಂಕಿ 1ರ ಕೆಳಗೆ ಇತ್ತು. ಅಲ್ಲಿಗೆ ನಿಲ್ಲಿಸಿದೆವು. ಇನ್ನೂ ಹನಿ ಹಾಕುತ್ತಾ ಹೋದರೆ ಒಂದು ಬೆಳಕಿನಲ್ಲಿ ಸರಿಮಾಡಲು ಹೋಗಿ ಇನ್ನೊಂದರಲ್ಲಿ ಕೆಡಿಸುತ್ತೇವೆ.

ಗುಳಿ ತುಂಬಿದ್ದು

ಹಚ್ಚಿದ್ದು ಟೂಕೆ ಪಿಯು, ಅಂದರೆ ಎರಡು ಭಾಗದ ಪಾಲಿಯುರೆಥೇನ್ ಬಣ್ಣ, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಸೇರಿಸಿ. ಎನ್‌ಸಿ ಬೇಡ ಅಂದದ್ದಕ್ಕೆ ಕಾರಣ ಇದೆ. ಅದು ಬೇಗ ಒಣಗುತ್ತದೆ ನಿಜ, ಆದರೆ ಒಣಗಿದ ಮೇಲೂ ಕುಗ್ಗುತ್ತಲೇ ಇರುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ, ತೇವ ಇರುವ ದಿನ ಹಚ್ಚಿದರೆ ಬೆಳ್ಳಗೆ ಮಂಜು ಕಟ್ಟುತ್ತದೆ. ಮಂಗಳೂರಿನಲ್ಲಿ ತೇವ ಇಲ್ಲದ ದಿನ ಹುಡುಕಬೇಕು. ನಾವು ಕೆಲಸಕ್ಕೆ ಇಟ್ಟುಕೊಂಡದ್ದು ಜನವರಿ, ಅದೂ ಬೆಳಿಗ್ಗೆ ಇಬ್ಬನಿ ಆರಿ ತಗಡು ಬೆಚ್ಚಗಾದ ಮೇಲೆ.

ಬಾನೆಟ್‌ನ ಒಂದು ಗುಳಿಯನ್ನು ಹತ್ತಿರದಿಂದ ನೋಡೋಣ. ಸಾಸಿವೆ ಕಾಳಿನಷ್ಟು ಅಗಲ. ನಡುವೆ ಕಂದು ಚುಕ್ಕೆ, ಅಂದರೆ ತಗಡು ತಲುಪಿ ತುಕ್ಕು ಶುರುವಾಗಿದೆ. ಅಂಚಿನಲ್ಲಿ ಬಣ್ಣ ಸ್ವಲ್ಪ ಎದ್ದು ನಿಂತಿದೆ. ಮೊದಲು ಮೇಣ, ಎಣ್ಣೆ ಹೋಗಲು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದೆವು. ಸೂಜಿಯ ತುದಿಯಿಂದ ತುಕ್ಕು ಕೆರೆದು ತೆಗೆದೆವು, ಎದ್ದ ಬಣ್ಣದ ಸಿಪ್ಪೆಯನ್ನೂ ಬಿಡಿಸಿದೆವು. ಫಾಸ್ಫರಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರ್ ಒಂದು ಹನಿ ಬಿಟ್ಟು, ಹೇಳಿದಷ್ಟು ಹೊತ್ತು ಕಾದು, ಒದ್ದೆ ಬಟ್ಟೆಯಿಂದ ತೆಗೆದು ಚೆನ್ನಾಗಿ ಒಣಗಿಸಿದೆವು. ಆಮ್ಲ ಉಳಿದರೆ ಅದರ ಮೇಲೆ, ಬಣ್ಣಕ್ಕೆ ಮೊದಲು ಹಚ್ಚುವ ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ. ಪ್ರೈಮರ್ ತಿಳಿ ಬಣ್ಣದ್ದೇ ತಂದೆವು. ಕಡು ಬೂದು ಪ್ರೈಮರ್ ಕೆನೆಯ ಕೆಳಗಿನಿಂದ ಇಣುಕುತ್ತದೆ.

ಬಣ್ಣ ಮತ್ತು ಹಾರ್ಡ್‌ನರ್ ಅಳೆಯಲು ಮೆಡಿಕಲ್ ಶಾಪಿನ ಸಿರಿಂಜ್, ಸೂಜಿ ತೆಗೆದದ್ದು. ಡಬ್ಬಿಯ ಮೇಲೆ ಬರೆದ ಅನುಪಾತ ಒಂದೆರಡು ಮಿಲಿಯಲ್ಲೂ ತಪ್ಪುವಂತಿಲ್ಲ. ಚೂಪು ಮಾಡಿದ ಟೂತ್‌ಪಿಕ್ ತುದಿಯಲ್ಲಿ ಹನಿ ಎತ್ತಿ ಗುಳಿಯ ನಡುವೆ ಮುಟ್ಟಿಸಿದರೆ ಬಣ್ಣ ತಾನಾಗಿ ಅಂಚಿನ ತನಕ ಹರಿದು ನಿಲ್ಲುತ್ತದೆ. ಬಾಟಲಿ ಮುಚ್ಚಳದಲ್ಲಿ ಬರುವ ಬ್ರಷ್ ಇದಕ್ಕೆ ದಪ್ಪ, ಗುಳಿಯ ಆಚೆಗೂ ಬಳಿಯುತ್ತದೆ. ಒಂದೇ ಸಲ ತುಂಬಬಾರದು. ಒಣಗಿದಾಗ ನಡು ಕುಸಿಯುತ್ತದೆ, ಮತ್ತೆ ತೆಳುವಾಗಿ ಇನ್ನೊಂದು ಹನಿ. ಸುತ್ತಲಿನ ಮಟ್ಟಕ್ಕಿಂತ ಚೂರು ಉಬ್ಬುವ ತನಕ ಹೀಗೇ.

ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಅನ್ನುವ ಅಪಾಯದ ರಾಸಾಯನಿಕ ಇದೆ. ಟೂತ್‌ಪಿಕ್‌ನಲ್ಲಿ ಹಚ್ಚುವಾಗಲೂ ಗ್ಲೌಸ್ ಬೇಕು, ಗಾಳಿ ಆಡುವ ಜಾಗ ಬೇಕು. ಗನ್ನಿನಿಂದ ಹೊಡೆಯುವಾಗಂತೂ ಮುಖಕ್ಕೆ ಕರ್ಚೀಫು ಕಟ್ಟಿಕೊಂಡರೆ ಏನೂ ಉಪಯೋಗ ಇಲ್ಲ. ಅದರ ವಾಸನೆಯಿಂದ ಅಪಾಯ ಗೊತ್ತಾಗುವುದಿಲ್ಲ, ಒಂದು ಸಲ ಮೈಗೆ ಆಗದೆ ಹೋದರೆ ಆಮೇಲೆ ಸ್ವಲ್ಪ ತಾಗಿದರೂ ಉಬ್ಬಸ ಬರುತ್ತದೆ. ನಮ್ಮ ಎಷ್ಟೋ ಶೆಡ್ಡುಗಳಲ್ಲಿ ಹುಡುಗರು ಬರೀ ಬಟ್ಟೆ ಕಟ್ಟಿಕೊಂಡು ದಿನವಿಡೀ ಪಿಯು ಹೊಡೆಯುತ್ತಾರೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಇದ್ದರೆ ಒಳ್ಳೆಯದು. ಅದಿಲ್ಲದಿದ್ದರೆ ಸರಿಯಾದ ಕಾರ್ಟ್ರಿಡ್ಜ್ ಇರುವ, ಮುಖಕ್ಕೆ ಸಂದಿಲ್ಲದೆ ಕೂರುವ ಮಾಸ್ಕ್ ಆದರೂ ಬೇಕೇ ಬೇಕು.

ತುಂಬಿದ ಮೇಲೆ ಕೆಲವು ವಾರ ಕಾರನ್ನು ಹಾಗೇ ಬಿಟ್ಟೆವು. ಕಾರ್ಖಾನೆಯಲ್ಲಿ ಒಲೆಯ ಬಿಸಿಗೆ ಗಟ್ಟಿಯಾದ ಬಣ್ಣದ ಪಕ್ಕದಲ್ಲಿ ಈ ಹನಿ ಇನ್ನೂ ಮೆತ್ತಗಿದ್ದರೆ ಉಜ್ಜುವಾಗ ಗುಳಿ ಬೀಳುತ್ತದೆ. ಆಮೇಲೆ 2000, 2500 ನಂಬರಿನ ವಾಟರ್ ಪೇಪರನ್ನು ಸಣ್ಣ ಗಟ್ಟಿ ತುಂಡಿಗೆ ಸುತ್ತಿ, ಸೋಪಿನ ನೀರು ಹಾಕಿ, ಉಬ್ಬಿದ ಹನಿಯ ತಲೆಯನ್ನಷ್ಟೇ ಇಳಿಸಿದೆವು. ಸುತ್ತ ಟೇಪ್. ಇಲ್ಲಿ ಕ್ಲಿಯರ್ ಕೋಟ್ ಇಲ್ಲ ಅನ್ನುವುದು ನಮಗೆ ಅನುಕೂಲವಾಯಿತು. ಹನಿಯೂ ಸುತ್ತಲಿನ ಬಣ್ಣವೂ ಒಂದೇ ಪಾಲಿಶ್‌ಗೆ ಒಂದೇ ಥರ ಹೊಳೆದವು.

ಬಾಗಿಲ ಗೀರು ಮತ್ತು ಫೆಂಡರ್

ಬಾಗಿಲ ಗೀರನ್ನೂ ಇದೇ ರೀತಿ ತುಂಬಿದೆವು. ಬಣ್ಣ ಹೊಂದಿದೆ, ಆದರೆ ಸಂಜೆ ಓರೆ ಬಿಸಿಲಿನಲ್ಲಿ ನೋಡಿದರೆ ಗೆರೆ ಇದ್ದ ಜಾಗ ಗೊತ್ತಾಗುತ್ತದೆ. ಉದ್ದನೆಯ ಗೆರೆಯನ್ನು ಕಣ್ಣು ಬೇಗ ಹಿಡಿಯುತ್ತದೆ, ಚುಕ್ಕೆಯನ್ನು ಹಿಡಿಯುವುದಿಲ್ಲ. ಪೇಂಟರ್‌ಗೆ ಇಡೀ ಬಾಗಿಲಿಗೆ ಒಂದು ಕೋಟ್ ಹೊಡೆಯುವ ಆಸೆ ಇತ್ತು. ಹೊಡೆದಿದ್ದರೆ ಗೆರೆ ಮಾಯವಾಗುತ್ತಿತ್ತು, ಜೊತೆಗೆ ಬಾಗಿಲಿನ ಕಾರ್ಖಾನೆ ಬಣ್ಣವೂ. ಮಾಲೀಕರು ಗೆರೆ ಇರಲಿ ಅಂದರು. ನಾನೂ ಅದನ್ನೇ ಹೇಳುತ್ತಿದ್ದೆ.

ಫೆಂಡರ್ ಕಥೆ ಬೇರೆ. ಅಲ್ಲಿ ಕಾಪಾಡಲು ಅಸಲಿ ಬಣ್ಣ ಉಳಿದೇ ಇಲ್ಲ. ಹಳೇ ಎನ್‌ಸಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಅದರ ಮೇಲೇ ಪಿಯು ಹೊಡೆದರೆ ಥಿನ್ನರ್ ಕೆಳಗಿಳಿದು ಹಳೇ ಪದರ ಹಪ್ಪಳದ ಹಾಗೆ ಸುಕ್ಕುಗಟ್ಟುತ್ತದೆ. ಹಾಗಾಗಿ ತಗಡಿನ ತನಕ ಕೆರೆದು, ಪುಟ್ಟಿ ತೆಗೆದು, ಡೆಂಟನ್ನು ಆದಷ್ಟು ಹೊಡೆದು ಸರಿಮಾಡಿ, ಎಪಾಕ್ಸಿ ಪ್ರೈಮರ್, ಮೈ ನಯ ಮಾಡುವ ಸರ್ಫೇಸರ್, ಮೇಲೆ ನಮ್ಮ ಬಣ್ಣ. ಪಕ್ಕದ ಬಾಗಿಲಿಗೆ ಬ್ಲೆಂಡ್ ಮಾಡಲಿಲ್ಲ, ಅಂದರೆ ಹೊಸ ಬಣ್ಣವನ್ನು ತೆಳುವಾಗಿಸುತ್ತಾ ಅದರ ಮೇಲೂ ಹರಡಲಿಲ್ಲ. ಫೆಂಡರ್ ಮತ್ತು ಬಾಗಿಲ ನಡುವೆ ಸಂದಿ ಇದೆ, ಅಲ್ಲಿಗೇ ನಿಲ್ಲಿಸಿದೆವು. ಬಣ್ಣ ಇಷ್ಟು ಹತ್ತಿರ ಕೂತಿದ್ದರೆ ಸಂದಿಯ ನೆರಳೇ ಉಳಿದ ವ್ಯತ್ಯಾಸವನ್ನು ಮುಚ್ಚುತ್ತದೆ. ರಾತ್ರಿ ಪೋರ್ಟಿಕೊದ ದೀಪ ಹಾಕಿ ನೋಡಿದೆವು. ಗುಲಾಬಿ ಛಾಯೆ ಇಲ್ಲ.

ಎಲ್ಲಕ್ಕಿಂತ ಅನುಮಾನ ಇರುವುದು ಡಿಕ್ಕಿಯ ಕೆಳ ಅಂಚು. ಗುಳ್ಳೆ ಒಡೆದಾಗ ತುಕ್ಕು ಮಡಿಸಿದ ತಗಡಿನ ಒಳಗಿನಿಂದ ಬಂದಿರುವುದು ಕಂಡಿತು. ಸಿಕ್ಕಷ್ಟು ಕೆರೆದು, ಪ್ರೈಮರ್ ಹಚ್ಚಿ, ಬಣ್ಣ ಹಾಕಿ, ಒಳಗಡೆಯಿಂದ ಮೇಣದಂಥ ರಸ್ಟ್‌ಪ್ರೂಫಿಂಗ್ ಹೊಡೆದಿದ್ದೇವೆ. ನೋಡಲು ಚೆನ್ನಾಗಿದೆ. ಆದರೆ ಮಡಿಕೆಯ ಒಳಗಿನ ತುಕ್ಕು ಪೂರ್ತಿ ಹೋಗಿದೆ ಅಂತ ಹೇಳಲಾರೆ.

ಉಳಿದ ಬಣ್ಣವನ್ನು ಹಾರ್ಡ್‌ನರ್ ಸೇರಿಸದೆ ಸಣ್ಣ ಗಾಜಿನ ಬಾಟಲಿಗಳಿಗೆ ಕುತ್ತಿಗೆ ತನಕ ತುಂಬಿ ಮುಚ್ಚಿಟ್ಟಿದ್ದೇವೆ. ಬಾಟಲಿಯಲ್ಲಿ ಗಾಳಿ ಕಡಿಮೆ ಇದ್ದಷ್ಟೂ ಬಣ್ಣ ಬಾಳುತ್ತದೆ. ಹಾರ್ಡ್‌ನರ್ ಇಡಲಿಲ್ಲ, ಒಡೆದ ಡಬ್ಬಿ ತೇವ ಹೀರಿ ಕೆಡುತ್ತದೆ, ಬೇಕಾದಾಗ ಹೊಸದು ತಂದರಾಯಿತು. ಬಾಟಲಿ ಮೇಲೆ ಗ್ರಾಂ ಲೆಕ್ಕದ ಚೀಟಿ, ತಾರೀಖು. ಜೊತೆಗೆ ಕೊನೆಯ ಕಾರ್ಡು, ಬೆಳಕು ತಾಗದ ಹಾಗೆ ಲಕೋಟೆಯಲ್ಲಿ ಹಾಕಿ ಕಾರಿನ ಕಾಗದಪತ್ರದ ಫೈಲಿನಲ್ಲಿ.

ಡಿಕ್ಕಿಯ ಅಂಚನ್ನು ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ನೋಡಬೇಕು. ಅಲ್ಲಿ ಗುಳ್ಳೆ ಎದ್ದರೆ ಆ ಅಂಚಿನ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡುವುದೊಂದೇ ದಾರಿ. ಆಗ ಬಾಟಲಿಯಲ್ಲಿರುವುದು ಸಾಲುವುದಿಲ್ಲ. ಚೀಟಿಯ ಲೆಕ್ಕದಲ್ಲಿ ಹೊಸದಾಗಿ ಕಲಸಿ, ಕಾರ್ಡು ಹೊಡೆದು, ಆ ಹೊತ್ತಿಗೆ ಕಾರು ಯಾವ ಬಣ್ಣಕ್ಕೆ ಬಂದಿದೆಯೋ ಅದಕ್ಕೆ ಮತ್ತೆ ಹಿಡಿದು ನೋಡಬೇಕಾಗುತ್ತದೆ.